ಘಟಪ್ರಭೆಯ ನೆರೆಯೂ ಗ್ರಾಮದ ಪೂರ್ವಸಿದ್ಧತೆಯೂ

ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಹೊಳೆಸಾಲಿನ ಗ್ರಾಮಗಳಿಗೆ ನೆರೆಯು ಬರುವ ರೀತಿಯನ್ನು ಮೊದಲು ತಿಳಿಯತಕ್ಕದ್ದು. ಈ ಸೀಮೆಯ ಬಯಲಿನಲ್ಲಿ ಮಳೆಯು ಅಲ್ಪ. ಬೆಳೆಗೆ ಸಾಲದ ವರ್ಷಗಳೂ ಉಂಟು. ಆದರೆ ಘಟಪ್ರಭಾ, ಹಿರಣ್ಯಕೇಶಿ ನದಿಗಳು ಅತಿವೃಷ್ಟಿಯುಳ್ಳ ಸಹ್ಯಾದ್ರಿಯಲ್ಲಿ ಹುಟ್ಟುತ್ತವೆ. ಆದಕಾರಣ ತನ್ನ ಹೊಲದ ಮೇಲಿನ ಮೋಡವನ್ನು ನೋಡಿ ಹೊಳೆಯ ಏರಿಕೆಯನ್ನು ಊಹಿಸುವ ರೈತನು ಮೋಸಹೋಗುವನು.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ಸುಮಾರು 51 ಶತಕೋಟಿ ಘನ ಅಡಿ ನೀರು ನಿಲ್ಲುವುದು. ಅದು ತುಂಬುವವರೆಗೆ ನೆರೆಯನ್ನು ತಡೆಯುವುದು. ತುಂಬಿದ ಬಳಿಕ ಬಂದ ನೀರನ್ನು ಹೊರಬಿಡದೆ ಗತ್ಯಂತರವಿಲ್ಲ. ಹಿರಣ್ಯಕೇಶಿಯು ಅಣೆಕಟ್ಟಿನ ಕೆಳಗೂ, ಮಾರ್ಕಂಡೇಯ ನದಿಯು ಗೋಕಾಕದ ಬಳಿಯೂ ಬಂದು ಕೂಡುವುವು. ಮೂರು ನೀರೂ ಒಂದೇ ವೇಳೆ ಏರಿದರೆ ಅಪಾಯವು ಮಿತಿಮೀರುವುದು. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಗೋಕಾಕ ಪಟ್ಟಣದೊಳಕ್ಕೇ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. 2021ನೆಯ ಜುಲೈಯಲ್ಲಿ ಮತ್ತೆ ನೆರೆ ಬಂದಿತು. ಹೀಗೆ ಮರಳಿ ಬರುವುದನ್ನು ದೈವವೆಂದು ಸುಮ್ಮನಿರುವುದು ಯುಕ್ತವಲ್ಲ.

ಮಳೆಗಾಲಕ್ಕೆ ಮುಂಚೆ: ಊರ ಹಿರಿಯರೂ ಪಂಚಾಯತಿಯವರೂ ಕೂಡಿ, 2019ರಲ್ಲಿ ನೀರು ಮುಟ್ಟಿದ ಎತ್ತರವನ್ನು ಗುಡಿಯ ಅಥವಾ ಶಾಲೆಯ ಗೋಡೆಯ ಮೇಲೆ ಬಣ್ಣದಿಂದ ಗುರುತಿಸಬೇಕು. ಅದಕ್ಕೆ ಮೇಲಾದ ದಿಣ್ಣೆಯೊಂದನ್ನು ಜನರಿಗೂ ಇನ್ನೊಂದನ್ನು ದನಗಳಿಗೂ ಗೊತ್ತುಮಾಡಬೇಕು. ವೃದ್ಧರು, ರೋಗಿಗಳು, ಬಸುರಿಯರು ಇರುವ ಮನೆಗಳ ಪಟ್ಟಿಯನ್ನು ಬರೆದು, ಪ್ರತಿ ಮನೆಗೂ ಕರೆತರುವವರನ್ನು ನೇಮಿಸಬೇಕು. ಕಣಿಕೆ ಹೊಟ್ಟುಗಳ ಬಣವೆಯನ್ನು ಎತ್ತರದಲ್ಲಿ ಒಟ್ಟತಕ್ಕದ್ದು. ದನಗಳಿಗೆ ಗಳಲೆ ಮತ್ತು ಚಪ್ಪೆ ಬೇನೆಗಳ ಲಸಿಕೆಯನ್ನು ಮುಂಗಾರಿನ ಮೊದಲೇ ಹಾಕಿಸಬೇಕು. ಉತಾರ, ಬ್ಯಾಂಕಿನ ಪುಸ್ತಕ, ಆಧಾರ ಚೀಟಿಗಳನ್ನು ನೀರು ತಾಗದ ಚೀಲದಲ್ಲಿ ಕಟ್ಟಿಡುವುದು ಉತ್ತಮ. ಹಾನಿಯ ಪರಿಹಾರಕ್ಕೆ ಇವೇ ಆಧಾರ.

ಎಚ್ಚರಿಕೆ ಬಂದಾಗ: ನೀರು ಬಿಡುವ ಸುದ್ದಿ ತಿಳಿದೊಡನೆ ಡಂಗುರ ಹೊಡೆಸಬೇಕು. ವಿದ್ಯುತ್ತನ್ನು ನಿಲ್ಲಿಸಿದ ನಂತರವೇ ಹೊಳೆದಂಡೆಯ ಪಂಪುಗಳನ್ನು ಮೇಲಕ್ಕೆತ್ತಬೇಕು. ಅನೇಕರು ದನಗಳನ್ನು ಬಿಟ್ಟು ಬರಲಾರದೆ ಮನೆಯಲ್ಲೇ ಉಳಿದು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವರು. ಆದಕಾರಣ ದನಗಳನ್ನು ಹಗಲಿನಲ್ಲೇ, ಜನರಿಗಿಂತ ಮೊದಲು ಸಾಗಿಸತಕ್ಕದ್ದು. ವೇಳೆ ಸಾಲದಿದ್ದರೆ ಕಣ್ಣಿಯನ್ನು ಕತ್ತರಿಸಿ ಬಿಡಬೇಕು. ಕಟ್ಟಿದ ದನವು ಈಸಲಾರದು. ಮುಳುಗಿದ ಸೇತುವೆಯನ್ನು ಬಂಡಿಯಿಂದಾಗಲಿ ಮೋಟಾರಿನಿಂದಾಗಲಿ ದಾಟಕೂಡದು. ಸಹಾಯಕ್ಕೆ ಜಿಲ್ಲೆಯ 1077 ದೂರವಾಣಿಯನ್ನು ಕರೆಯಬಹುದು.

ನೀರು ಇಳಿದ ಮೇಲೆ: ನೆರೆಯಿಂದ ಉಳಿದವರನ್ನು ರೋಗವು ಹಿಡಿಯುವುದು. ಹೊಲಸು ಬೆರೆತ ಬಾವಿಯ ನೀರಿನಿಂದ ಕಾಲರಾ, ವಿಷಮಶೀತ ಜ್ವರಗಳೂ, ಇಲಿಯ ಮೂತ್ರ ಕೂಡಿದ ಕೆಸರಿನಿಂದ ಇಲಿಜ್ವರವೂ ಬರುವುವು. ಬಾವಿಗಳಿಗೆ ಆರೋಗ್ಯ ಸಿಬ್ಬಂದಿಯಿಂದ ಬ್ಲೀಚಿಂಗ್ ಪುಡಿ ಹಾಕಿಸಿ ಪರೀಕ್ಷೆಯಾಗುವ ತನಕ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಕಾಲಿಗೆ ಗಾಯವಿದ್ದವರು ಕೆಸರಿಗೆ ಇಳಿಯಬಾರದು. ವಾಂತಿ ಭೇದಿಯಾದವರಿಗೆ ಔಷಧಾಲಯದ ಲವಣದ ಪೊಟ್ಟಣ ದೊರೆಯದಿದ್ದರೆ, ಒಂದು ಲೀಟರು ಶುದ್ಧ ನೀರಿನಲ್ಲಿ ಸಮತಟ್ಟಾದ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸುತ್ತ ವೈದ್ಯರಲ್ಲಿಗೆ ಒಯ್ಯಬೇಕು. ಸತ್ತ ದನಗಳನ್ನು ಹೊಳೆಗೆ ನೂಕದೆ, ಬಾವಿಗಳಿಂದ ದೂರ ಆಳವಾಗಿ ಹೂಳಿ ಸುಣ್ಣ ಹಾಕತಕ್ಕದ್ದು. ಮೇಲಿನ ಊರು ನೂಕಿದ್ದು ಕೆಳಗಿನ ಊರಿನ ಕುಡಿಯುವ ನೀರನ್ನು ಸೇರುವುದು.

ಈ ಕಾರ್ಯಗಳಲ್ಲಿ ಹೆಚ್ಚಿನವು ಬಹು ವೆಚ್ಚದವಲ್ಲ. ಬೇಕಾದುದು ಒಮ್ಮತವೂ ಕಾಲಕ್ಕೆ ಸರಿಯಾದ ಉದ್ಯೋಗವೂ ಮಾತ್ರ. ರೋಹಿಣಿ ಮಳೆಯೊಳಗೆ ಊರ ಸಭೆ ಸೇರಿ ಹೊಣೆಗಳನ್ನು ಹಂಚಿಕೊಂಡ ಗ್ರಾಮವು ನೆರೆಯಲ್ಲಿ ಬೆಳೆಯನ್ನು ಕಳೆದುಕೊಂಡರೂ ಜನವನ್ನೂ ದನವನ್ನೂ ಉಳಿಸಿಕೊಳ್ಳಬಲ್ಲದು.