ಸಾವಿರ ರೂಪಾಯಿಗೆ ಒಳ್ಳೇ ಸೌಂಡ್

ಬಜೆಟ್ ಸಾವಿರ ರೂಪಾಯಿನಾ? ಹಾಗಾದ್ರೆ ಬ್ಲೂಟೂತ್ ಆಸೆ ಬಿಡಿ, ವೈರ್ ಇರೋ ಇಯರ್‌ಫೋನ್ ತಗೊಳ್ಳಿ. ಬ್ಲೂಟೂತ್‌ನಲ್ಲಿ ನಿಮ್ಮ ದುಡ್ಡು ಬ್ಯಾಟರಿಗೆ, ಚಿಪ್ಪಿಗೆ, ಚಾರ್ಜಿಂಗ್ ಕೇಸಿಗೆ ಅಂತ ಹಂಚಿಹೋಗುತ್ತೆ. ವೈರಿನದರಲ್ಲಿ ಆ ಖರ್ಚೇ ಇಲ್ಲ.

ಡಬ್ಬಿ ಮೇಲೆ '20ರಿಂದ 20,000 ಹರ್ಟ್ಸ್' ಅಂತಿರುತ್ತಲ್ಲ, ಅದಕ್ಕೆ ಮರುಳಾಗಬೇಡಿ. ಹೆಚ್ಚುಕಮ್ಮಿ ಎಲ್ಲರೂ ಅದನ್ನೇ ಬರೀತಾರೆ. ಓಮ್ (ವಿದ್ಯುತ್ ತಡೆಯ ಅಳತೆ) ನೋಡಿ: 16 ಅಥವಾ 32 ಇದ್ರೆ ಫೋನಿಗೆ ಆರಾಮ. 250 ಓಮ್‌ನದು ಸ್ಟುಡಿಯೋದವರಿಗೆ. ಫೋನಿಗೆ ಹಾಕಿದ್ರೆ ಪಿಸುಗುಡುತ್ತೆ ಅಷ್ಟೆ.

ಅಂಗಡೀಲಿ ಕೇಳೋಕೆ ಬಿಟ್ರೆ ಡಿಜೆ ಹಾಡು ಬೇಡ. ಪಿ.ಬಿ. ಶ್ರೀನಿವಾಸ್ ಅವರ ಹಳೇ ಹಾಡೊಂದನ್ನ ಹಾಕಿ. ದನಿ ಮುಂದೆ ನಿಂತು, ತಬಲಾ ಹಿಂದೆ ಗುಂ ಅಂದ್ರೆ ಸರಿ. ತಬಲಾ ಬಂದು ದನೀನೇ ನುಂಗ್ತಾ? ಡಬ್ಬಿ ಮೇಲೆ ಬರೆದ 'ಎಕ್ಸ್‌ಟ್ರಾ ಬಾಸ್' ಅದೇ. ವಾಪಸ್ ಇಡಿ.

ಬಾಸೇ ಇಲ್ವಾ? ಬೈಯೋ ಮುಂಚೆ ರಬ್ಬರ್ ಟಿಪ್ ಬದಲಾಯಿಸಿ. ಕಿವೀಲಿ ಕೂದಲೆಳೆಯಷ್ಟು ಸಂದಿ ಉಳಿದ್ರೂ ಬಾಸ್ ಅಲ್ಲೇ ಸೋರಿಹೋಗುತ್ತೆ. ಸಾಮಾನ್ಯವಾಗಿ ಮೂರು ಸೈಜ್ ಕೊಟ್ಟಿರ್ತಾರೆ, ಎಡಕ್ಕೊಂದು ಬಲಕ್ಕೊಂದು ಸೈಜ್ ಹಾಕಿದ್ರೂ ತಪ್ಪಿಲ್ಲ.

ಮತ್ತೆ, ಫೋನಲ್ಲಿ ಹಳೇ ದುಂಡು ಜಾಕ್ ಇಲ್ದಿದ್ರೆ, ಟೈಪ್-ಸಿ ಪಿನ್ನಿನದೇ ಕೇಳಿ.