ಗಾಳಿಯ ಲೆಕ್ಕ, ಪೆಟ್ರೋಲಿನ ಲೆಕ್ಕ

ನಾನು ಕಾಮರ್ಸ್ ವಿದ್ಯಾರ್ಥಿ. ಕಾರಿನ ಇಂಜಿನ್ನೂ ನನಗೆ ಲೆಕ್ಕಪುಸ್ತಕದಂತೆಯೇ ಕಾಣುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಳಬಂದ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ. ಅದಕ್ಕೆ ತಕ್ಕ ಪೆಟ್ರೋಲನ್ನು ಕಂಪ್ಯೂಟರ್ ಬಿಡುತ್ತದೆ. ಜಪಾನಿನ ಅಪೆಕ್ಸಿ ಕಂಪನಿಯ ಎಸ್‌ಎಎಫ್‌ಸಿಯಂಥ ಕಂಟ್ರೋಲರ್ ಇವೆರಡರ ನಡುವೆ ಕೂತು ಅಂಕಿ ತಿದ್ದುತ್ತದೆ. ಗಾಳಿ ಕಡಿಮೆಯೆಂದು ತೋರಿಸಿದರೆ ಪೆಟ್ರೋಲೂ ಕಡಿಮೆ.

ಇದರಿಂದ ಮೈಲೇಜ್ ಹೆಚ್ಚುವುದೇ? ಸಮವೇಗದ ಓಟದಲ್ಲಿ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಆಡಿಟರಿನಂತೆ ವ್ಯತ್ಯಾಸ ಹಿಡಿದು ಸರಿಪಡಿಸಿಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅನೇಕ ಕಾರುಗಳಲ್ಲಿ ಆ ತಪಾಸಣೆ ನಡೆಯದು. ಆಗ ಪೆಟ್ರೋಲ್ ಕಡಿಮೆಯಾದರೆ ಬಿಸಿಯೇರಿ ಪಿಸ್ಟನ್ನೇ ಕರಗಬಹುದು. ಆದ್ದರಿಂದ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಗುಂಡಿ ತಿರುಗಿಸಬೇಡಿ. ನಮ್ಮ ಮನೆಯ ಉರ್ದುವಿನಲ್ಲಿ ಒಂದು ಗಾದೆಯಿದೆ: ಮೊದಲು ತೂಗು, ಆಮೇಲೆ ಮಾತಾಡು.