ಎರಡನೆಯ ಪರಿಶೋಧಕ

ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಪುಟ ಪ್ರಿಂಟು ತೆಗೆಸಲೆಂದು ಕೊಟ್ಟ ಪೆನ್ ಡ್ರೈವು ಮನೆಗೆ ಮರಳಿ ಕಂಪ್ಯೂಟರಿಗೆ ಸೇರಿದೊಡನೆ, ಅದರಲ್ಲಿದ್ದ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಹೆಸರನ್ನೇ ಹೊತ್ತ ಶಾರ್ಟ್‌ಕಟ್ಟುಗಳು ಮಾತ್ರ, ಒಂದೊಂದರ ಮೂಲೆಯಲ್ಲಿಯೂ ಬಾಗಿದ ಬಾಣದ ಗುರುತಿನೊಡನೆ, ಸಾಲಾಗಿ ನಿಂತಿರುವ ದೃಶ್ಯವು ನಮ್ಮ ಊರುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಡಿ.ಟಿ.ಪಿ. ಕೆಲಸದವರಿಗೂ ಅಪರಿಚಿತವಾದುದಲ್ಲ. ವಾಸ್ತವದಲ್ಲಿ ಫೋಲ್ಡರುಗಳು ನಾಶವಾಗಿರುವುದಿಲ್ಲ. ಅವು ಕಣ್ಣಿಗೆ ಬೀಳದಂತೆ ಗುರುತು ಹಾಕಿ ಅಡಗಿಸಿ, ಆ ಸ್ಥಾನದಲ್ಲಿ ತನ್ನನ್ನು ಚಾಲನೆಗೊಳಿಸುವ ಶಾರ್ಟ್‌ಕಟ್ಟನ್ನು ವೈರಸ್ಸು ಇರಿಸಿರುತ್ತದೆ. ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಅದರ ಮರೆಯಲ್ಲಿ ಒಂದು ಸಣ್ಣ ಸ್ಕ್ರಿಪ್ಟೂ ಓಡಿ ಕಂಪ್ಯೂಟರಿನೊಳಗೆ ನೆಲಸುತ್ತದೆ. ಹಣ ಕೊಟ್ಟು ಹಾಕಿಸಿಕೊಂಡ ಆಂಟಿವೈರಸ್ ಅಷ್ಟೂ ಹೊತ್ತು ಮೌನವಾಗಿದ್ದುದನ್ನು ಕಂಡ ಗೃಹಸ್ಥನ ಮನಸ್ಸಿನಲ್ಲಿ ಆಗ ಏಳುವ ಪ್ರಶ್ನೆ ಸಹಜವಾದುದೇ: ಒಂದು ಸಾಲದಾದರೆ ಇನ್ನೊಂದನ್ನೂ ಏಕೆ ಹಾಕಬಾರದು?

ಯಾವ ಆಂಟಿವೈರಸ್ಸೂ ಸರ್ವಜ್ಞವಲ್ಲ. ಒಂದೊಂದು ಸಂಸ್ಥೆಯೂ ತನ್ನ ಗ್ರಾಹಕರ ಯಂತ್ರಗಳಿಂದ ಬಂದ ಮಾದರಿಗಳನ್ನು ತನ್ನದೇ ಪ್ರಯೋಗಾಲಯದಲ್ಲಿ ವಿಶ್ಲೇಷಿಸಿ, ತನಗೆ ಕಂಡ ಲಕ್ಷಣಗಳನ್ನು ಪಟ್ಟಿಮಾಡಿ, ಆ ಪಟ್ಟಿಯನ್ನು ದಿನವೂ ಅನೇಕ ಬಾರಿ ನವೀಕರಿಸಿ ಕಳುಹಿಸುತ್ತದೆಯಾದ ಕಾರಣ, ಒಬ್ಬರ ದೃಷ್ಟಿಗೆ ನಿನ್ನೆಯೇ ಬಿದ್ದ ಕೇಡು ಇನ್ನೊಬ್ಬರಿಗೆ ನಾಳೆ ತಿಳಿಯಬಹುದು. ಈ ಭೇದವನ್ನು ಪ್ರತ್ಯಕ್ಷವಾಗಿ ಕಾಣಬಯಸುವವರು ವೈರಸ್‌ಟೋಟಲ್ ಎಂಬ ಸೇವೆಯನ್ನು ನೋಡಬಹುದು. 2004ರಲ್ಲಿ ಸ್ಪೇನ್ ದೇಶದ ಮಾಲಗ ನಗರದಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್ ಸಂಸ್ಥೆಯ ವಶಕ್ಕೆ ಬಂದ ಈ ಸೇವೆಯು, ನಾವು ಒಪ್ಪಿಸಿದ ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳಿಂದ ಪರೀಕ್ಷೆ ಮಾಡಿಸಿ ಅವುಗಳ ತೀರ್ಪನ್ನೆಲ್ಲ ಒಂದೇ ಪುಟದಲ್ಲಿ ತೋರಿಸುತ್ತದೆ. ಹೊಸದಾಗಿ ಹೊರಬಿದ್ದ ಕೇಡಿನ ಫೈಲಾದರೆ ಮೊದಲ ದಿನ ಕೆಲವೇ ಸಂಸ್ಥೆಗಳು ಅದನ್ನು ಗುರುತಿಸಿ, ಉಳಿದವು ಬರಬರುತ್ತ ಸೇರಿಕೊಳ್ಳುವುದುಂಟು. ಆದುದರಿಂದ ಎರಡನೆಯ ಅಭಿಪ್ರಾಯಕ್ಕೆ ಬೆಲೆ ಇದ್ದೇ ಇದೆ. ಆದರೆ ಅಭಿಪ್ರಾಯ ಕೇಳುವುದು ಬೇರೆ, ಇಬ್ಬರನ್ನೂ ಒಂದೇ ಬಾಗಿಲಲ್ಲಿ ಹಗಲಿರುಳು ನಿಲ್ಲಿಸುವುದು ಬೇರೆ.

ಈ ಮಾತು ಸ್ಪಷ್ಟವಾಗಬೇಕಾದರೆ ಆಂಟಿವೈರಸ್ ಕಾವಲು ಕಾಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿಂಡೋಸಿನಲ್ಲಿ ನಾವು ಒಂದು ಫೈಲನ್ನು ತೆರೆದಾಗ, ಆ ಕೋರಿಕೆಯು ಡಿಸ್ಕನ್ನು ಮುಟ್ಟುವ ಮುನ್ನ, ವ್ಯವಸ್ಥೆಯ ಗರ್ಭದಲ್ಲಿ ಒಂದರ ಕೆಳಗೊಂದಾಗಿ ನಿಂತಿರುವ ಫಿಲ್ಟರ್ ಡ್ರೈವರುಗಳನ್ನು ಹಾದುಹೋಗತಕ್ಕದ್ದು. ಇವು ಯಾವ ಕ್ರಮದಲ್ಲಿ ನಿಲ್ಲಬೇಕೆಂಬುದನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಕ್ರಮಾಂಕಗಳ ಮೂಲಕ ನಿಗದಿಪಡಿಸಿದ್ದು, 3,20,000ರಿಂದ ಆರಂಭವಾಗುವ ಒಂದು ಶ್ರೇಣಿಯನ್ನು ಆಂಟಿವೈರಸ್‌ಗಳಿಗೆಂದೇ ಮೀಸಲಿರಿಸಿದೆ. ಅಲ್ಲಿ ಒಂದೇ ಕಾವಲಿದ್ದಾಗ ಅದು ಫೈಲನ್ನು ಓದಿ, ನಿರ್ದೋಷವೆಂದು ಕಂಡರೆ ದಾರಿ ಬಿಡುತ್ತದೆ. ಎರಡಿದ್ದಾಗ, ಮೊದಲನೆಯದು ಪರೀಕ್ಷೆಗಾಗಿ ಫೈಲನ್ನು ಓದಹೊರಟರೆ ಆ ಓದನ್ನೇ ಎರಡನೆಯದು ತಡೆದು ತಾನೂ ಪರೀಕ್ಷಿಸುತ್ತದೆ. ಸೋಂಕಿದ ಫೈಲನ್ನು ಪ್ರತ್ಯೇಕಿಸಿಡಲು ಎರಡೂ ಏಕಕಾಲಕ್ಕೆ ಕೈಹಾಕಿ, ಒಂದು ಬಿಗಿಹಿಡಿದುದನ್ನು ಇನ್ನೊಂದು ತೆಗೆಯಲಾರದೆ ಎಚ್ಚರಿಕೆಯನ್ನು ಮತ್ತೆ ಮತ್ತೆ ಪರದೆಯ ಮೇಲೆ ತರುತ್ತದೆ. ಒಂದರೊಳಗೆ ಸಂಗ್ರಹವಾಗಿರುವ ವೈರಸ್ ಲಕ್ಷಣಗಳನ್ನೇ ಇನ್ನೊಂದು ವೈರಸ್ಸೆಂದು ಭ್ರಮಿಸಿದ ಪ್ರಸಂಗಗಳೂ ಹಿಂದೆ ನಡೆದಿವೆ. ಯಂತ್ರ ಕುಂಟುತ್ತದೆ, ಕೆಲವೊಮ್ಮೆ ನಿಶ್ಚಲವಾಗಿಬಿಡುತ್ತದೆ. ಇದನ್ನರಿತೇ, 2012ರ ವಿಂಡೋಸ್ 8ರಿಂದ ಈಚೆಗೆ ಪೂರ್ಣ ಆಂಟಿವೈರಸ್ಸಾಗಿ ವ್ಯವಸ್ಥೆಯೊಡನೆಯೇ ಬರುತ್ತಿರುವ ಡಿಫೆಂಡರ್, ನಾವು ಬೇರೊಂದು ಆಂಟಿವೈರಸ್ ಸ್ಥಾಪಿಸಿ ಅದು ವಿಂಡೋಸಿನಲ್ಲಿ ನೋಂದಣಿಯಾದೊಡನೆ, ತಾನಾಗಿಯೇ ಕಾವಲಿನಿಂದ ಹಿಂದೆ ಸರಿಯುತ್ತದೆ. ಹೊರಗಿನಿಂದ ತಂದ ಎರಡು ಆಂಟಿವೈರಸ್‌ಗಳ ನಡುವೆ ಇಂಥ ಸೌಜನ್ಯವನ್ನು ನೆಚ್ಚಿಕೊಳ್ಳುವಂತಿಲ್ಲ.

ಹಳ್ಳಿಯ ಸಹಕಾರ ಸಂಘದಲ್ಲಿ ನಿತ್ಯದ ಲೆಕ್ಕ ಬರೆಯಲು ಗುಮಾಸ್ತನಿದ್ದರೂ ಹೊರಗಿನಿಂದ ಪರಿಶೋಧಕರು ಬಂದು ಪುಸ್ತಕಗಳನ್ನು ನೋಡಿ, ಆಕ್ಷೇಪಗಳನ್ನು ಬರೆದಿಟ್ಟು ಹಿಂದಿರುಗುತ್ತಾರೆ. ಗುಮಾಸ್ತನ ಕುರ್ಚಿಯಲ್ಲಿ ಪಾಲು ಕೇಳುವುದಿಲ್ಲ. ಎರಡನೆಯ ಸ್ಕ್ಯಾನರಿಗೂ ಇದೇ ಸ್ಥಾನ ಸಲ್ಲುತ್ತದೆ. ಕರೆದಾಗ ಮಾತ್ರ ಓಡಿ, ಕೆಲಸ ಮುಗಿದೊಡನೆ ನಿಲ್ಲುವ ಇಂಥ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಇಸೆಟ್ ಆನ್‌ಲೈನ್ ಸ್ಕ್ಯಾನರ್ ಅಂಥದೊಂದು. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇನ್ನೊಂದು. ಹಳೆಯ ಪಟ್ಟಿಯಿಂದ ಹೊಸ ಕೇಡನ್ನು ಹುಡುಕಿದಂತಾಗಬಾರದೆಂದು ಇದರ ಅವಧಿಯನ್ನು ಇಳಿಸಿಕೊಂಡ 10 ದಿನಗಳಿಗೇ ಮುಗಿಸಿರುವುದು ವಿವೇಕದ ಏರ್ಪಾಡು. ನಮ್ಮ ದೇಶದಲ್ಲಿಯೇ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2017ರ ಫೆಬ್ರವರಿಯಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರವು ಕ್ವಿಕ್ ಹೀಲ್, ಇ-ಸ್ಕ್ಯಾನ್ ಮೊದಲಾದ ಭಾರತೀಯ ಸಂಸ್ಥೆಗಳ ನೆರವಿನಿಂದ ಇಂಥ ಶುದ್ಧೀಕರಣ ಸಾಧನಗಳನ್ನು ಸಾರ್ವಜನಿಕರಿಗೆ ಒದಗಿಸುತ್ತಿದೆ. ಇದನ್ನು ಬಲ್ಲವರು ವಿರಳವೆಂಬುದು ಖೇದದ ಸಂಗತಿ. ಮಾಲ್‌ವೇರ್‌ಬೈಟ್ಸಿನ ಉಚಿತ ಆವೃತ್ತಿಯೂ ಈ ಗುಂಪಿಗೇ ಸೇರತಕ್ಕುದು, ಆದರೆ ಅದರ ಹಣದ ಆವೃತ್ತಿಯಾಗಲಿ ಪ್ರಾಯೋಗಿಕ ಆವೃತ್ತಿಯಾಗಲಿ ಚಾಲನೆಯಲ್ಲಿದ್ದರೆ ಅದು ಸಂದರ್ಶಕನಾಗಿರದೆ ಕಾವಲುಗಾರನೇ ಆಗುತ್ತದೆ. ಇನ್ನು, ಮುಖ್ಯ ಆಂಟಿವೈರಸ್ ಬೇರೆಯದಾದವರು ಏನನ್ನೂ ಹೊಸದಾಗಿ ತರಬೇಕಾಗಿಲ್ಲ: ವಿಂಡೋಸಿನ ಭದ್ರತಾ ಪುಟದಲ್ಲಿ ಡಿಫೆಂಡರಿನ ನಿಯತಕಾಲಿಕ ಸ್ಕ್ಯಾನಿಂಗನ್ನು ಜಾರಿಗೊಳಿಸಿದರೆ, ಹಿಂದೆ ಸರಿದು ಕುಳಿತ ಡಿಫೆಂಡರೇ ಆಗಾಗ ಎದ್ದು ಪರಿಶೋಧಕನ ಕೆಲಸವನ್ನು ಮಾಡುತ್ತದೆ. 2016ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಈ ಸೌಕರ್ಯವನ್ನು ನಾನು ಎಲ್ಲಕ್ಕಿಂತ ಮೇಲೆಂದು ಭಾವಿಸುತ್ತೇನೆ.

ಪರಿಶೋಧಕನು ಆಕ್ಷೇಪವೆತ್ತಿದೊಡನೆ ಎಲ್ಲವನ್ನೂ ಅಳಿಸಲು ಆತುರಪಡಬಾರದು. 2010ರ ಏಪ್ರಿಲ್ 21ರಂದು ಮ್ಯಾಕ್‌ಅಫೀ ಸಂಸ್ಥೆಯು ಕಳುಹಿಸಿದ ಒಂದು ನವೀಕರಣವು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯವಾದ ಫೈಲೊಂದನ್ನು ವೈರಸ್ಸೆಂದು ತಪ್ಪಾಗಿ ತಿಳಿದು ತೆಗೆದುಹಾಕಿದಾಗ, ಲೋಕದ ಅನೇಕ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕಂಪ್ಯೂಟರುಗಳು ಮತ್ತೆ ಮತ್ತೆ ತಾವೇ ಮುಚ್ಚಿ ತೆರೆದುಕೊಳ್ಳತೊಡಗಿದುವು. ಆದ್ದರಿಂದ ಅಳಿಸುವ ಬದಲು ಕ್ವಾರಂಟೈನಿನಲ್ಲಿಡಬೇಕು. ಅಲ್ಲಿಂದ ಫೈಲನ್ನು ಮರಳಿ ಪಡೆಯಬಹುದು. ಸಂಶಯ ನಿವಾರಣೆಗೆ ವೈರಸ್‌ಟೋಟಲಿಗೆ ಒಪ್ಪಿಸುವಾಗಲೂ, ಅಲ್ಲಿಗೆ ಕಳುಹಿಸಿದ ಫೈಲು ಭದ್ರತಾ ಸಂಸ್ಥೆಗಳೊಡನೆ ಹಂಚಿಕೆಯಾಗುವುದೆಂಬುದನ್ನು ನೆನೆದು, ಆಧಾರ್ ಪ್ರತಿ, ಬ್ಯಾಂಕಿನ ಕಾಗದಪತ್ರಗಳಂಥವನ್ನು ಎಂದಿಗೂ ಒಪ್ಪಿಸಬಾರದು. ಇನ್ನು ಪೆನ್ ಡ್ರೈವಿನ ಮಾತು: ಸ್ಕ್ಯಾನರು ಸ್ಕ್ರಿಪ್ಟನ್ನು ತೆಗೆದ ಮೇಲೆಯೂ ಫೋಲ್ಡರುಗಳು ಅಡಗಿಯೇ ಉಳಿಯುವುದುಂಟು. ಅವು ನಾಶವಾದುವೆಂದು ತಿಳಿದು ಡ್ರೈವನ್ನು ಫಾರ್ಮ್ಯಾಟ್ ಮಾಡಿ ವರ್ಷಗಳ ಬರಹವನ್ನು ಕಳೆದುಕೊಳ್ಳಬೇಕಾದುದಿಲ್ಲ. ಆಟ್ರಿಬ್ ಎಂಬ ಹಳೆಯ ಆದೇಶವನ್ನು ಬಲ್ಲವರಿಂದ ಕೊಡಿಸಿದರೆ ಎಲ್ಲವೂ ಮತ್ತೆ ಕಾಣಿಸಿಕೊಳ್ಳುತ್ತದೆ.

ಕೆಲವು ಕೇಡುಗಳು ವಿಂಡೋಸಿಗಿಂತಲೂ ಕೆಳಗೆ ಬೇರುಬಿಟ್ಟು, ಅದರ ಮೇಲೆ ಓಡುವ ಯಾವ ಸ್ಕ್ಯಾನರಿಗೂ ಕಾಣದಂತಿರುತ್ತವೆ. ಅಂಥ ಸಂಶಯವಿದ್ದಾಗ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನನ್ನು ಆರಿಸಿಕೊಂಡರೆ, ಯಂತ್ರವು ವಿಂಡೋಸನ್ನು ಎಬ್ಬಿಸದೆಯೇ ಆರಂಭಗೊಂಡು, ಸುಮಾರು 15 ನಿಮಿಷಗಳಲ್ಲಿ ಡಿಸ್ಕನ್ನು ಶೋಧಿಸುತ್ತದೆ. ಆದರೆ ಹಣ ಕೊಡದೆ ವಿಂಡೋಸನ್ನು ಸಕ್ರಿಯಗೊಳಿಸಲೆಂದು ಆಂಟಿವೈರಸ್ಸನ್ನು ಮೊದಲು ನಿಷ್ಕ್ರಿಯಗೊಳಿಸಿ, ಆಮೇಲೆ ಆಕ್ಟಿವೇಟರನ್ನು ಓಡಿಸುವ, ನಮ್ಮ ಪಟ್ಟಣಗಳಲ್ಲಿ ಬೇರೂರಿರುವ ಪದ್ಧತಿಗೆ ಎರಡಲ್ಲ, ಹತ್ತು ಸ್ಕ್ಯಾನರುಗಳೂ ಪರಿಹಾರವಾಗಲಾರವು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದಿಯುವ ಜಾತಿಯ ಕೇಡು ಒಮ್ಮೆ ಒಳಹೊಕ್ಕಿತ್ತೆಂದು ಪರಿಶೋಧಕನು ತಿಳಿಸಿದರೆ, ಅದನ್ನು ತೆಗೆದುಹಾಕಿದ ಮಾತ್ರಕ್ಕೆ ಕಳುವಾದುದು ಹಿಂದಕ್ಕೆ ಬಾರದು. ಇಮೇಲಿನ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಸೋಂಕಿಲ್ಲದ ಬೇರೊಂದು ಯಂತ್ರದಿಂದ ಅಂದೇ ಬದಲಿಸಬೇಕು, ಹಣ ಹೋಗಿದ್ದ ಪಕ್ಷದಲ್ಲಿ ಸೈಬರ್ ಅಪರಾಧ ಸಹಾಯವಾಣಿಯಾದ 1930ಕ್ಕೆ ಕರೆಮಾಡಿ ತಡಮಾಡದೆ ದೂರು ದಾಖಲಿಸಬೇಕು.